ಒಂದೇ ಏಟು

ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನಲ್ಲಿ ಆಳುಗಳ ಕೆಲಸ ನೋಡಿಕೊಳ್ಳುತ್ತಿದ್ದ ರೈಟರು ಸೊಂಟದಲ್ಲಿ ಕತ್ತಿಯಿಲ್ಲದೆ ಹೊರಗೆ ಕಾಲಿಟ್ಟವರಲ್ಲ. ನೆರಳುಮರಗಳ ಕೊಂಬೆ ಸವರುವ ಕಪಾತಿನ ಕಾಲದಲ್ಲಿ ಹೊಸ ಆಳು ಬಂದರೆ ಕತ್ತಿಯನ್ನೆಳೆದು, ಅಂಚಿಗೆ ಹೆಬ್ಬೆರಳು ತಾಗಿಸಿ, ತಲೆಯ ಮೇಲೆತ್ತಿ ಹೇಳುತ್ತಿದ್ದರು: "ಒಂದೇ ಏಟು, ಮಾರಾಯಾ. ಎರಡನೇದು ಬಿದ್ರೆ ಮರಕ್ಕೆ ನೋವು."

ನಿವೃತ್ತರಾದ ಮೇಲೆ ಕಾಫಿ ಕೃಷಿ ಕಲಿಸುವ ಸ್ವಯಂಸೇವಕರಾಗಿ ರುವಾಂಡಾಕ್ಕೆ ಹೊರಟರು, ಜೊತೆಗೆ ಅದೇ ಎಸ್ಟೇಟಿನಲ್ಲಿದ್ದ ನಾನೂ. ಅಲ್ಲಿ ಒಂದು ಕಾಲದಲ್ಲಿ ನೆರೆಯವರೇ ನೆರೆಯವರನ್ನು ಕತ್ತಿಯಿಂದ ಕಡಿದು ಕೊಂದಿದ್ದರು. ಸತ್ತವರ ಸ್ಮಾರಕದ ಮುಂದೆ ರೈಟರು ಚಪ್ಪಲಿ ಕಳಚಿ ನಿಂತು ಅತ್ತೂ ಇದ್ದರು.

ಆದರೂ ಮರುದಿನ ತೋಟದಲ್ಲಿ ನಮ್ಮೂರಿನದೇ ಸಿಲ್ವರ್ ನೆರಳುಮರ ಕಂಡದ್ದೇ ತಡ, ಅಲ್ಲಿನವರ ಕತ್ತಿಯೊಂದನ್ನು ತೆಗೆದುಕೊಂಡು ಎತ್ತಿಯೇಬಿಟ್ಟರು. "ಓನ್ಲಿ ವನ್ ಕಟ್! ಸೆಕೆಂಡ್ ಕಟ್, ಪೇನ್!"

ಕೆಲಸ ಕಲಿಯಲು ಬಂದು ಎದುರಿಗೆ ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೇ ಹಿಂದೆ ಸರಿದರು. ಒಬ್ಬಳ ಕೈ ತನ್ನ ಕುತ್ತಿಗೆಗೆ ಹೋಯಿತು. ಮಾತು ಅನುವಾದಿಸಬೇಕಿದ್ದ ನಮ್ಮ ದುಭಾಷಿ ಹೆಂಗಸೂ ಅವರ ಜೊತೆ ಒಂದು ಹೆಜ್ಜೆ ಹಿಂದಿಟ್ಟಳು.

"ಟೆಲ್ ದೆಮ್, ಅಮ್ಮಾ" ಎಂದರು ರೈಟರು, ಕತ್ತಿಯನ್ನು ಇನ್ನೂ ಇಳಿಸದೆ.

ಆಕೆ ಅದರ ಅಂಚನ್ನೇ ನೋಡುತ್ತ ಮೆಲ್ಲನೆ ಇಂಗ್ಲಿಷಿನಲ್ಲಿ ಹೇಳಿದಳು: "ನಮ್ಮಪ್ಪನಿಗೆ ಒಂದು ಏಟು ಸಾಕಾಗಿರಲಿಲ್ಲ, ಸರ್."