ಬಲಗಡೆಯ ಹೂವು

ರತ್ನಾ, ಆ ಶನಿವಾರ ನಮ್ಮೂರ ಆಂಜನೇಯನ ಬಲಗಡೆಯಿಂದ ಬಿದ್ದ ಹೂವು ನಿನ್ನದಲ್ಲ, ನನ್ನದು. ನಿನ್ನ ಹೆಸರನ್ನು ನಾನು ದೇವರ ಮುಂದೆ ಹೇಳಲೇ ಇಲ್ಲ. ಕೆಲಸ ಬಿಡಲೇ ಎಂದು ಕೇಳಿದ್ದು ನನಗಾಗಿ — ಬಿಟ್ಟಿದ್ದು ನೀನು. ಆರು ವರ್ಷದಿಂದ ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ನಿನ್ನ ಮನೆಯಲ್ಲಿ ಕಾಫಿ ಕುಡಿದು ಬಂದಿದ್ದೇನೆ.

ನೆನಪಿದೆಯಲ್ಲ, ಏರ್‌ಪೋರ್ಟ್ ಪಕ್ಕದ ಆ ಅಡುಗೆಮನೆ? ವಿಮಾನಗಳಿಗೆ ಊಟ ಕಳಿಸುವ ಜಾಗ. ಅಡುಗೆಮನೆ ಎಂದರೆ ಬೆಚ್ಚಗಿರುತ್ತದೆ ಅಂತ ಊರಿನವರು ತಿಳಿದಿದ್ದರು. ನಮ್ಮಿಬ್ಬರಿಗೆ ಸಿಕ್ಕಿದ್ದು ತಣ್ಣನೆಯ ಕೋಣೆ. ಬಿಳಿ ಕೋಟಿನೊಳಗೆ ಎರಡು ಸ್ವೆಟರ್ ಹಾಕಿಕೊಂಡು, ತಲೆಗೆ ಟೋಪಿ, ಮೂತಿಗೆ ಮಾಸ್ಕು, ಎಂಟು ಗಂಟೆ ನಿಂತೇ ಇರುವುದು. ಟ್ರೇ ಬರುತ್ತದೆ — ನೀನು ಬನ್ನು ಇಡಬೇಕು, ನಾನು ಬೆಣ್ಣೆ ಮತ್ತು ಉಪ್ಪಿನಕಾಯಿ ಪೊಟ್ಟಣ ಇಡಬೇಕು. ಮಾತಾಡುವಂತಿಲ್ಲ. ಬಳೆ, ಹೂವು, ಕುಂಕುಮ ಎಲ್ಲ ಗೇಟಿನಲ್ಲೇ ತೆಗೆದಿಡಬೇಕು. 'ನಮ್ದು ಗಾದೆ ಉಲ್ಟಾ ಕಣೇ ಸಾವಿ, ಹೊಟ್ಟೆಗೆ ಹಿಟ್ಟೈತೆ, ಜುಟ್ಟಿಗೆ ಮಲ್ಲಿಗೆ ಇಲ್ಲ' ಎಂದು ನೀನು ವ್ಯಾನಿನಲ್ಲಿ ನಗಿಸುತ್ತಿದ್ದೆ. ನಗುತ್ತಿದ್ದರೂ ನಿನ್ನ ಬೆರಳುಗಳು ಮರಗಟ್ಟಿ ಊರು ಬರುವವರೆಗೂ ಮಡಚಲು ಬರುತ್ತಿರಲಿಲ್ಲ.

ನನಗೆ ಚಿಕ್ಕಂದಿನಿಂದ ಒಂದು ಚಾಳಿ, ಏನನ್ನು ಕಂಡರೂ ಮುಂದೇನಾಯಿತು ಎಂದು ಕೆದಕುವುದು. ಈ ಬನ್ನು ಯಾರ ಹೊಟ್ಟೆಗೆ ಸೇರುತ್ತದೋ? ಕಿಟಕಿ ಪಕ್ಕ ಕೂತವರು ತಿನ್ನುತ್ತಾರೋ, ಹಾಗೇ ಬಿಡುತ್ತಾರೋ? ನೀನು ಬೈಯುತ್ತಿದ್ದೆ, ನಿನಗ್ಯಾಕೆ ಊರ ಉಸಾಬರಿ ಅಂತ. ಆ ಚಾಳಿಯೇ ಮುಂದೆ ನಿನ್ನ ಮೇಲೆ ತಿರುಗಿತು ನೋಡು.

ಕಂಪನಿಯವರು ನಮ್ಮಿಬ್ಬರಿಗೂ ಕಾಗದ ಕೊಟ್ಟರು. ಸೋಮವಾರದೊಳಗೆ ಸಹಿ ಹಾಕಿದರೆ ಕೆಲಸ ಕಾಯಂ. ಹಾಕದಿದ್ದರೆ ಕಾಂಟ್ರ್ಯಾಕ್ಟು ಅಲ್ಲಿಗೆ ಮುಗಿಯಿತು. ಇಬ್ಬರಿಗೂ ಬಿಡುವ ಆಸೆ, ಇಬ್ಬರಿಗೂ ಪುಕ್ಕಲು. ಲೇಔಟು ಕಟ್ಟುವ ಕೆಲಸಗಾರರಿಗೆ ಮುದ್ದೆ ಊಟ ಮಾಡಿ ಹಾಕುತ್ತೇನೆ ಎಂದು ನೀನು ವರ್ಷದಿಂದ ಹೇಳುತ್ತಿದ್ದೆ. ನನಗೆ ಅಂಥ ಯೋಚನೆ ಏನೂ ಇರಲಿಲ್ಲ, ಹೊರಗೆ ಬಂದರೆ ಸಾಕಿತ್ತು. ಅಷ್ಟರಲ್ಲಿ ನಿನ್ನ ಮಾವ ತೀರಿಕೊಂಡರು. ಮನೆಯಲ್ಲಿ ಸೂತಕ, ನೀನು ಗುಡಿಯ ಮೆಟ್ಟಿಲು ಹತ್ತುವಂತಿಲ್ಲ. ನಮ್ಮೂರ ಆಂಜನೇಯ ಪ್ರಸಾದ ಕೊಡುವ ದೇವರು, ಸುಳ್ಳು ಹೇಳುವವನಲ್ಲ ಎಂದು ನಂಬಿದ್ದ ನೀನು, ನಿನ್ನ ಪರವಾಗಿ ಕೇಳಿಕೊಂಡು ಬರಲು ನನ್ನನ್ನು ಕಳಿಸಿದೆ.

ಪೂಜಾರಪ್ಪ ಹಳದಿ ಸೇವಂತಿಗೆಯನ್ನು ನೀರಿನಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸಿದರು. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಮನಸ್ಸಿನಲ್ಲೇ ಕೇಳಿಕೊಳ್ಳಮ್ಮ ಎಂದರು. ನಾನು ಕಣ್ಣು ಮುಚ್ಚಿದೆ. ನಿನ್ನ ಹೆಸರು ನಾಲಿಗೆಯ ತುದಿಯಲ್ಲಿತ್ತು, ಆಣೆ ಮಾಡಿ ಹೇಳುತ್ತೇನೆ. ಆದರೆ ಮನಸ್ಸು ಕೇಳಿದ್ದು ಬೇರೆ — ಸ್ವಾಮಿ, ನಾನು ಬಿಡಲಾ? ಈ ಸಾವಿತ್ರಿ ಬಿಡಲಾ?

ಕಣ್ಣು ತೆರೆಯುವ ಮುಂಚೆಯೇ ಪೂಜಾರಪ್ಪ ಬಲಗಡೆ ಆಯಿತು ಎಂದು ಗಂಟೆ ಹೊಡೆದರು. ಬಿದ್ದ ಹೂವನ್ನು ನನ್ನ ಕೈಗಿಟ್ಟು, ಇನ್ನೇನಾದರೂ ಕೇಳುವುದಿದೆಯಾ ಎಂದರು. ಆಗ ನಿನ್ನದನ್ನು ಕೇಳಬಹುದಿತ್ತು. ಹಿಂದೆ ಯಾರೂ ಕಾಯುತ್ತಿರಲಿಲ್ಲ, ನನಗೆ ಬಸ್ಸಿನ ಅವಸರವೂ ಇರಲಿಲ್ಲ. ಇಲ್ಲ ಸ್ವಾಮಿ ಎಂದು ಹೊರಗೆ ಬಂದುಬಿಟ್ಟೆ.

ಯಾಕೆ? ಇದನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ದೇವರು ಹೋಗು ಎಂದ ಮೇಲೆ ಖುಷಿಯಾಗಬೇಕಿತ್ತು. ನನಗೆ ಹೆದರಿಕೆಯಾಯಿತು. ಬಿಟ್ಟರೆ ಏನಾಗುತ್ತದೆ? ಅದು ತಿಳಿಯುವವರೆಗೆ ಬಿಡುವ ಧೈರ್ಯವಿಲ್ಲ, ಬಿಡದೆ ತಿಳಿಯುವ ದಾರಿಯಿಲ್ಲ. ನಿಮ್ಮೂರಿನ ಕಡೆ ನಡೆಯುತ್ತಾ ಬಂದಾಗ, ಕೆರೆ ಏರಿಯ ಮೇಲೆ, ನನಗೊಂದು ದಾರಿ ಹೊಳೆಯಿತು — ಮೊದಲು ಇವಳು ಬಿಡಲಿ, ನೋಡೋಣ. ಹೌದು, ಇದೇ ಮಾತು. ಆಳ ತಿಳಿಯದ ನೀರಿಗೆ ನಿನ್ನನ್ನು ಇಳಿಸಿ ನಾನು ದಡದಲ್ಲಿ ನಿಂತು ನೋಡಬೇಕಿತ್ತು. ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತೇ ಎಂದೂ ಹುಡುಕಿದ್ದೇನೆ. ಇರಲಿಲ್ಲ. ಇದ್ದಿದ್ದರೆ ನಿನಗೆ ಹೇಳಲು ಸುಲಭವಾಗುತ್ತಿತ್ತು, ಹೊಟ್ಟೆಕಿಚ್ಚು ಎಲ್ಲರಿಗೂ ಅರ್ಥವಾಗುತ್ತದೆ.

ನೀನು ಅಂಗಳದಲ್ಲಿ ನಿಂತಿದ್ದೆ. 'ಬಲಗಡೆ ಆಯ್ತು ಕಣೇ' ಎಂದೆ ನಾನು.

ನಿನ್ನ ಮುಖ ಅರಳಿತು. ಆಮೇಲೆ ನೀನು ಕೇಳಿದೆ, 'ನನ್ ಹೆಸ್ರು ಹೇಳೇ ಕೇಳ್ದೆ ತಾನೆ?'

'ಇನ್ಯಾರ್ ಹೆಸ್ರು ಹೇಳ್ಲಿ?'

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದೆನಲ್ಲ, ಅದು ಸುಳ್ಳಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ನೀನು ಕೂಡಲೇ, ಮತ್ತೆ ನಿನ್ನದು ಏನಾಯಿತು ಎಂದು ಕೇಳಿದೆ. ನನ್ನದನ್ನು ನಾನು ಕೇಳಲೇ ಇಲ್ಲ ಎಂದೆ. ಅದಂತೂ ಶುದ್ಧ ಸುಳ್ಳು. ಸೂತಕ ಕಳೆಯುವವರೆಗೆ ಪ್ರಸಾದ ನನ್ನ ಮನೆಯಲ್ಲೇ ಇರಲಿ ಎಂದು ನೀನು ಹೂವನ್ನು ಮುಟ್ಟದೆ ಕೈಮುಗಿದೆ. ಸೋಮವಾರ ನಿನ್ನ ಕಾಗದ ಸಹಿಯಿಲ್ಲದೆ ವಾಪಸ್ ಹೋಯಿತು. ನಾನು ಸಹಿ ಹಾಕಿದೆ. ಸೂತಕ ಕಳೆದ ಮೇಲೆ ಆ ಹೂವನ್ನು ಎಲೆಯಲ್ಲಿ ಸುತ್ತಿ ತಂದು ನಿನ್ನ ಕೈಗೆ ಕೊಟ್ಟೆ. ಆಗಲಾದರೂ ಬಾಯಿ ಬಿಡಬಹುದಿತ್ತು. ನೀನು ಕಣ್ಣಿಗೊತ್ತಿಕೊಂಡು ದೇವರ ಪಟದ ಹಿಂದೆ ಇಟ್ಟೆ.

ಆಮೇಲೆ ನಾನು ನಿನ್ನನ್ನು ನೋಡಿದ್ದು ವ್ಯಾನಿನ ಕಿಟಕಿಯಿಂದ. ಕ್ರಾಸಿನಲ್ಲಿ ನಿನ್ನ ತಗಡಿನ ಹೋಟೆಲು ಬಂದಾಗ ಕತ್ತು ಚಾಚುತ್ತಿದ್ದೆ. ಎಷ್ಟು ಜನ ಕೂತಿದ್ದಾರೆ? ಒಲೆ ಹೊತ್ತಿದೆಯಾ? ಮುಖ ಹೇಗಿದೆ? ಮೊದಲ ತಿಂಗಳು ಜನ ನಿಂತು ಉಣ್ಣುತ್ತಿದ್ದರು. ನೀನು ಮುಡಿಯ ತುಂಬ ಕನಕಾಂಬರ ಮುಡಿದು ಬೆವರೊರೆಸಿಕೊಳ್ಳುತ್ತಿದ್ದೆ. ಇನ್ನು ನಾನೂ ಬಿಡುತ್ತೇನೆ ಎಂದು ಆ ವಾರ ನಿಶ್ಚಯಿಸಿದ್ದೆ — ಮುಂದಿನ ತಿಂಗಳೂ ಹೀಗೇ ಇದ್ದರೆ ಎಂದು. ಮುಂದಿನ ತಿಂಗಳು ಬಂದಾಗ, ಇನ್ನೊಂದು ತಿಂಗಳು ನೋಡೋಣ ಎಂದುಕೊಂಡೆ. ವರ್ಷ ತುಂಬುವ ಮುಂಚೆ ಲೇಔಟಿನ ಕೆಲಸ ನಿಂತಿತು, ಕೆಲಸಗಾರರು ಗಂಟುಮೂಟೆ ಕಟ್ಟಿದರು. ರಸ್ತೆ ಅಗಲ ಮಾಡಲು ಬಂದವರು ನಿನ್ನ ತಗಡನ್ನೂ ಕಿತ್ತರು. ಆವತ್ತು ಕಿಟಕಿಯಿಂದ ಖಾಲಿ ಜಾಗ ನೋಡಿದಾಗ ನನ್ನೊಳಗೆ ಮೊದಲು ಎದ್ದದ್ದು ಸಂಕಟವಲ್ಲ ರತ್ನಾ. ಸದ್ಯ, ನಾನು ಬಿಡಲಿಲ್ಲ — ಅದು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಅದೇ.

ಆಮೇಲಿನದು ನಿನಗೇ ಗೊತ್ತು. ನೀನು ಕಂಡವರ ಮನೆಯ ಅಡುಗೆಗೆ ಹೋದೆ. ನಿನ್ನ ಮಗಳು ಪವಿತ್ರಳ ನರ್ಸಿಂಗು ಓದು ಎರಡನೇ ವರ್ಷಕ್ಕೆ ನಿಂತಿತು. ನೀನು ಒಂದು ದಿನವೂ ದೇವರನ್ನು ಬೈಯಲಿಲ್ಲ. ಅವನೇ ಹೇಳಿದ ಮೇಲೆ ಏನೋ ಒಂದು ಉದ್ದೇಶ ಇರುತ್ತದೆ ಎನ್ನುತ್ತಿದ್ದೆ. ಆ ಮಾತು ಕೇಳಿದಾಗಲೆಲ್ಲ ನಾನು ಲೋಟ ಕೆಳಗಿಟ್ಟು ಎದ್ದುಬಿಡುತ್ತಿದ್ದೆ, ನೀನು ಗಮನಿಸಿದ್ದೀಯೋ ಇಲ್ಲವೋ.

ಎಂಟು ತಿಂಗಳಿಂದ ಪವಿತ್ರ ನನ್ನ ಪಕ್ಕದಲ್ಲಿ ನಿಲ್ಲುತ್ತಾಳೆ. ನೀನು ನಿಲ್ಲುತ್ತಿದ್ದ ಜಾಗ. ಅವಳು ಬನ್ನು ಇಡುತ್ತಾಳೆ, ನಾನು ಬೆಣ್ಣೆ. ಈಗೀಗ ಅವಳ ಬೆರಳೂ ವ್ಯಾನಿನಲ್ಲಿ ಮಡಚಲು ಬರುವುದಿಲ್ಲ.

ಇವತ್ತು ಮನೆಗೆ ಬರುವಾಗ ಅವಳು ನನ್ನ ಕಡೆ ತಿರುಗಿ ಕೂತಳು. ನಿಂತುಹೋದ ಓದನ್ನು ಮತ್ತೆ ಹಿಡಿಯಬೇಕಂತೆ. ಬಿಟ್ಟರೆ ಮನೆ ಹೇಗೆ ನಡೆಯುತ್ತದೋ ಎಂಬ ಭಯವಂತೆ. ಆಮೇಲೆ ಹೇಳಿದಳು, 'ಆಂಟಿ, ನಿಮ್ಮೂರ್ ಆಂಜನೇಯ ಸುಳ್ ಹೇಳಲ್ವಂತೆ, ಅಮ್ಮ ಹೇಳಿದ್ರು. ನಾಳೆ ಶನಿವಾರ ಅಲ್ವಾ, ನನ್ ಹೆಸ್ರಲ್ಲಿ ಕೇಳ್ಕೊಂಡ್ ಬರ್ತೀರಾ?'

ನನ್ನ ಮುಖದಲ್ಲಿ ಏನು ಕಂಡಿತೋ, ನೀರು ಕುಡಿಯಿರಿ ಎಂದು ಅವಳ ಬಾಟಲಿ ಕೊಟ್ಟಳು.

ಅದಕ್ಕೇ ಮನೆಗೆ ಬಂದವಳೇ ಇದನ್ನು ಬರೆಯಲು ಕೂತೆ. ಎದುರಿಗೆ ನಿಂತರೆ ಮತ್ತೆ ಎಲ್ಲಿ ಅಡ್ಡಗೋಡೆಯ ದೀಪ ಹಚ್ಚುತ್ತೇನೋ ಎಂಬ ಹೆದರಿಕೆ. ನಿನ್ನ ಹೆಸರಿನಲ್ಲಿ ಕೇಳಿದ್ದರೆ ಯಾವ ಕಡೆಯ ಹೂವು ಬೀಳುತ್ತಿತ್ತು? ಈಗಲೂ ಟ್ರೇ ಮುಂದೆ ನಿಂತಾಗ ಇದೇ ಯೋಚನೆ. ಎಡಗಡೆಯದು ಬೀಳುತ್ತಿತ್ತೋ, ಅದೂ ಬಲಗಡೆಯದೇ ಆಗುತ್ತಿತ್ತೋ, ಎರಡೂ ಬೀಳದೆ ನೀನೇ ಯೋಚಿಸಿಕೋ ಎಂದು ಆಂಜನೇಯ ಸುಮ್ಮನಿರುತ್ತಿದ್ದನೋ. ಅದು ಇನ್ನು ಯಾರಿಗೂ ತಿಳಿಯುವುದಿಲ್ಲ. ನಿನಗೆ ಬರಬೇಕಾದ ಉತ್ತರ ನಿನಗೆ ಬಾರದ ಹಾಗೆ ಮಾಡಿದವಳು ನಾನು.

ನಾಳೆ ಬೆಳಿಗ್ಗೆ ಈ ಕಾಗದವನ್ನು ನಾನೇ ತಂದು ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಅಂಗಳದಲ್ಲಿ ನಿಂತಿರುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿಕೊಂಡರೂ ಸರಿ. ಪವಿತ್ರ ಗುಡಿಗೆ ಹೋಗುವುದಾದರೆ ತಾನೇ ಹೋಗಿ ತನ್ನ ಬಾಯಿಂದ ಕೇಳಲಿ. ನಾನು ಅವಳಿಗಾಗಿ ಕೇಳುವುದಿಲ್ಲ. ಸೋಮವಾರ ವ್ಯಾನು ನಮ್ಮೂರ ಗೇಟಿನಲ್ಲಿ ಹಾರ್ನ್ ಹೊಡೆದಾಗ ನಾನು ಹತ್ತುವುದಿಲ್ಲ. ಮುಂದೇನು ಎಂದು ನನಗೆ ಗೊತ್ತಿಲ್ಲ, ಕಿಟಕಿಯಿಂದ ನೋಡಿ ತಿಳಿದುಕೊಳ್ಳಲು ಈ ಸಲ ಮುಂದೆ ಯಾರೂ ಇಲ್ಲ.

ಒಂದನ್ನು ಮಾತ್ರ ಕೇಳುತ್ತೇನೆ, ಕೇಳುವ ಮುಖ ಇಲ್ಲದಿದ್ದರೂ. ನಿನ್ನ ದೇವರ ಪಟದ ಹಿಂದೆ ಒಣಗಿ ಕೂತಿದೆಯಲ್ಲ, ಆ ಸೇವಂತಿಗೆ — ಅದನ್ನು ನನಗೆ ವಾಪಸ್ ಕೊಡು, ರತ್ನಾ.