ತೋಟಕ್ಕೆ ಆರಿಸಿದ ಕಲ್ಲುಬೆಂಚು

ಅಕ್ಕ ಚೊಚ್ಚಲ ಹೆರಿಗೆಗೆಂದು ಮಾಲೂರಿನಿಂದ ಮುಳಬಾಗಿಲಿಗೆ ಬಂದ ವರ್ಷ ನಮ್ಮ ಹಿತ್ತಲ ಹೂತೋಟಕ್ಕೆ ಒಂದು ಬೆಂಚು ಬೇಕಾಯಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ, ನನಗೆ ಹತ್ತೊಂಬತ್ತು. ಅಕ್ಕನಿಗೆ ಏಳು ತಿಂಗಳು ತುಂಬಿತ್ತು. ಒಳಗೆ ಸೆಕೆ, ಹೊರಗೆ ಚಾಪೆಯ ಮೇಲೆ ಕೂತರೆ ಎಬ್ಬಿಸಲು ಇಬ್ಬರು ಬೇಕು. "ಗಿಡಗಳ ಹತ್ರ ಸ್ವಲ್ಪ ಎತ್ತರಕ್ಕೆ ಕೂರೋಕೆ ಏನಾದ್ರೂ ಮಾಡ್ಸಿ" ಎಂದು ಅವಳು ಕೇಳಿದಳು. ಬೇರೇನೂ ಕೇಳಲಿಲ್ಲ.

ಅಪ್ಪ ಬೆತ್ತದ ಕುರ್ಚಿ ತರೋಣವೆಂದರು. ಮಳೆಗೆ ಕೊಳೆತು ಹೋಗುತ್ತೆ ಎಂದೆ. ಅಮ್ಮ ಮಡಚುವ ಕಬ್ಬಿಣದ ಕುರ್ಚಿ ಎಂದಳು. "ನಮ್ಮ ತೋಟ ಏನು ಮದುವೆ ಛತ್ರಾನಾ?" ಎಂದು ಸಿಡುಕಿದೆ. ಆ ತೋಟ ನನ್ನದೆಂಬ ಜಂಬ ನನಗೆ. ಬಾವಿಯಿಂದ ನೀರು ಸೇದಿ ಬೆಳೆಸಿದವಳು ನಾನೇ, ನಿಜ. ಆದರೆ ಗುಲಾಬಿಯ ಕಡ್ಡಿ, ಕನಕಾಂಬರದ ಸಸಿ ಎಲ್ಲ ಕೊಟ್ಟವಳು ಪಕ್ಕದ ಮನೆಯ ಅತ್ತೆ. ನೆಂಟಸ್ತಿಕೆಯೇನೂ ಇರಲಿಲ್ಲ, ಬಾಯಿಮಾತಿಗೆ ಅತ್ತೆ. ಹುತ್ತೂರಿನ ಕಡೆ ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವಳು, ಮಕ್ಕಳಿಲ್ಲದವಳು. ಅಕ್ಕ ಬಂದಾಗಿನಿಂದ ದಿನಾ ಸಂಜೆ ಏನಾದರೂ ತಿಂಡಿ ಹಿಡಿದು ಬರುತ್ತಿದ್ದಳು.

ಕೊನೆಗೆ ಕಲ್ಲುಬೆಂಚೇ ಆಗಲಿ ಎಂದು ಹಟ ಹಿಡಿದೆ. ಬೆಟ್ಟದ ಬುಡದಲ್ಲಿ ಕಲ್ಲು ಒಡೆಯುವ ಮುದುಕನ ಬಳಿಗೆ ನಾನೊಬ್ಬಳೇ ಹೋದೆ. ಅವನಲ್ಲಿ ಎರಡು ಚಪ್ಪಡಿ ಸಿದ್ಧವಿದ್ದವು. ಒಂದು ಬೂದುಬಣ್ಣದ್ದು, ಥೇಟ್ ಬಟ್ಟೆ ಒಗೆಯುವ ಕಲ್ಲು. ಇನ್ನೊಂದಕ್ಕೆ ನಸುಗೆಂಪು ಛಾಯೆ. ನನ್ನ ಗುಲಾಬಿಗಳ ಪಕ್ಕದಲ್ಲಿ ಅದು ಹೇಗೆ ಕಾಣುತ್ತದೆಂದು ಆಗಲೇ ಕಣ್ಣಿಗೆ ಕಟ್ಟಿತು. ಮುದುಕ ಸುತ್ತಿಗೆಯಿಂದ ಬೂದುಗಲ್ಲಿಗೆ ತಟ್ಟಿದ. ಖಣ್ ಎಂದಿತು. ಕೆಂಪುಗಲ್ಲಿಗೆ ತಟ್ಟಿದ. ಮಣ್ಣಿನ ಹೆಂಟೆಗೆ ಹೊಡೆದ ಹಾಗೆ ದಬ್ ಎಂದಿತು.

"ವದ್ದಮ್ಮಾ, ಇದು ಬ್ಯಾಡ" ಎಂದ. "ಒಳಗೆ ಸೀಳು ಐತೆ. ನೆಲಕ್ಕೆ ಹಾಸ್ಕೋ. ಇದರ ಮೇಲೆ ಭಾರ ಬಿಡಬ್ಯಾಡ."

"ಎಲ್ಲೈತಪ್ಪಾ ಸೀಳು? ನನ್ನ ಕಣ್ಣಿಗಂತೂ ಕಾಣ್ತಿಲ್ಲ."

"ಕಣ್ಣಿಗೆ ಕಾಣಲ್ಲಮ್ಮಾ. ಸದ್ದು ಕೇಳು."

ನಾನು ಕೇಳಲಿಲ್ಲ. ವಾದಿಸಿ ವಾದಿಸಿ ಅವನ ತಲೆ ತಿಂದೆ. ಸಾಕಾಗಿ ಒಪ್ಪಿದ, ಆದರೆ ಎರಡು ತುದಿಗೆ ಎರಡು ಕಾಲುಗಲ್ಲಲ್ಲದೆ ನಡುವೆ ಮೂರನೆಯದೊಂದು ಇರಲೇಬೇಕೆಂದ. ಮಾರನೆಯ ದಿನ ಬೆಳಿಗ್ಗೆ, ಅಪ್ಪ ಕಚೇರಿಗೆ ಹೋದ ಮೇಲೆ ಗಾಡಿಯಲ್ಲಿ ತಂದು ನಿಲ್ಲಿಸಿದ. ಹೋಗುವಾಗ ನಡುವಿನ ಕಲ್ಲನ್ನು ತೋರಿಸಿ, "ಇದನ್ನ ಮಾತ್ರ ಮುಟ್ಟಬ್ಯಾಡ" ಎಂದು ನನಗೊಬ್ಬಳಿಗೇ ಹೇಳಿದ.

ಆ ಗುಜ್ಜಾರಿ ಕಲ್ಲು ಬೆಂಚಿನ ಅಂದವನ್ನೆಲ್ಲ ಕೆಡಿಸಿತ್ತು. ಬೆಂಚಿನ ಕೆಳಗೆ ಸಾಲಾಗಿ ಕುಂಡಗಳನ್ನಿಡುವ ಆಸೆ ನನಗೆ. ಮಧ್ಯಾಹ್ನ ಅಮ್ಮ, ಅಕ್ಕ ಮಲಗಿದ್ದಾಗ ಹಾರೆ ತಂದು, ಸಂದಿಗೆ ತುರುಕಿದ್ದ ಕಲ್ಲುಚಕ್ಕೆಗಳನ್ನು ಸಡಿಲಿಸಿ ಆ ಕಲ್ಲನ್ನು ಹೊರಗೆ ಉರುಳಿಸಿದೆ. ಚಪ್ಪಡಿ ಅಲುಗಲಿಲ್ಲ. ಮೇಲೆ ಹತ್ತಿ ಕುಣಿದೂ ನೋಡಿದೆ. ಏನೂ ಆಗಲಿಲ್ಲ. ಮುದುಕ ಸುಮ್ಮನೆ ಹೆದರಿಸಿದ ಎಂದು ನಕ್ಕೆ, ಅಯ್ಯೋ ನನ್ನ ಬುದ್ಧಿಯೇ!

ಬೆಂಚು ಎಲ್ಲರಿಗೂ ಹಿಡಿಸಿತು. "ಪರವಾಗಿಲ್ವೇ, ಚೆನ್ನಾಗೇ ಆರಿಸಿದೀಯ" ಎಂದರು ಅಪ್ಪ. ಅಕ್ಕ ದಿನಾ ಸಂಜೆ ಅಲ್ಲೇ ನಡುಮಧ್ಯದಲ್ಲಿ ಕೂತು, ಕಾಲು ಚಾಚಿ ಹೂ ಕಟ್ಟುತ್ತಿದ್ದಳು. ನಾನು ಬೆಳಿಗ್ಗೆ ಎದ್ದೊಡನೆ ಹೋಗಿ ಗುಂಡುಕಲ್ಲಿನಿಂದ ಚಪ್ಪಡಿಗೆ ತಟ್ಟುತ್ತಿದ್ದೆ. ದಬ್. ವಾರ ಕಳೆದಂತೆ ಆ ಸದ್ದು ಇನ್ನೂ ಕುಗ್ಗುತ್ತಿದೆ ಅನ್ನಿಸತೊಡಗಿತು. ಅಕ್ಕನ ಹೊಟ್ಟೆ ದೊಡ್ಡದಾಗುತ್ತಿತ್ತು. ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದೆ. ಅಪ್ಪನ ಬೈಗುಳ ನೆನೆದು ನಾಳೆ ಆ ಕಲ್ಲನ್ನು ವಾಪಸ್ಸು ಇಟ್ಟರಾಯಿತು ಎಂದುಕೊಂಡೆ. ಇಡಲು ಹೋದರೆ ಒಬ್ಬಳಿಂದ ಆಗಲಿಲ್ಲ. ಯಾರನ್ನಾದರೂ ಕರೆದರೆ ಯಾಕೆ ಎಂದು ಕೇಳುತ್ತಾರೆ. ಹಾಗೇ ಬಿಟ್ಟೆ.

ಒಂಬತ್ತನೆಯ ತಿಂಗಳು. ಆ ಸಂಜೆ ಅತ್ತೆ ರಾಗಿ ಹುರಿಹಿಟ್ಟು ತಂದಿದ್ದಳು. ಅಕ್ಕ ಮುಡಿತುಂಬ ಕನಕಾಂಬರ ಮುಡಿದು ಬೆಂಚಿನ ಮೇಲೆ ಕೂತಿದ್ದಳು. ಅತ್ತೆ ಬಾಗಿಲಲ್ಲೇ ನಿಂತು, "ಅಬ್ಬಾ, ಎಷ್ಟು ಲಕ್ಷಣವಾಗಿ ಕುಂತಿದೀಯೇ ನನ್ನವ್ವಾ! ಥೇಟ್ ಮಹಾಲಕ್ಷ್ಮಿ!" ಎಂದಳು.

ಅಕ್ಕ ನಕ್ಕಳು. ಅತ್ತೆಗೆ ಜಾಗ ಕೊಡಲು ಸ್ವಲ್ಪ ಸರಿದಳು. ಚಪ್ಪಡಿ ನಟ್ಟನಡುವೆ ಎರಡಾಗಿ, ಅವಳು ಕೆಳಗೆ ನಾನಿಟ್ಟಿದ್ದ ಕುಂಡಗಳ ಮೇಲೆ ಬಿದ್ದಳು.

ಜಟಕಾದಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಅಕ್ಕ ಬದುಕಿದಳು. ಮಗು ಉಳಿಯಲಿಲ್ಲ. ಗಂಡುಮಗು.

ಅಳು ನಿಂತ ಮೇಲೆ ಅಮ್ಮನ ಬಾಯಿಂದ ಹೊರಟ ಮೊದಲ ಮಾತೇ ಇದು: "ಅವಳ ಕಣ್ಣು! ಬಾಯಿ ಬಿಟ್ಟು ಹೇಳಿದ್ಲು, ಕಲ್ಲೇ ಸೀಳಿಹೋಯ್ತು!" ಮನೆಗೆ ಬಂದವರೆಲ್ಲ ಹೌದೆಂದರು. ಮಕ್ಕಳಿಲ್ಲದವಳು, ಕಲ್ಲೂ ತಡೆಯದಂಥ ದೃಷ್ಟಿ ಎಂದರು. ಅಮ್ಮ ಅತ್ತೆಯ ಮನೆಬಾಗಿಲಿನ ಧೂಳು ತರಿಸಿ, ಉಪ್ಪು ಮೆಣಸಿನಕಾಯಿ ಜೊತೆ ಅಕ್ಕನಿಗೆ ನಿವಾಳಿಸಿ ಒಲೆಗೆ ಹಾಕಿದಳು. ಆ ಧೂಳನ್ನು ಬಾಚಿ ತಂದವಳು ನಾನು. ನಡುವಿನ ಕಾಲುಗಲ್ಲು ಬಾವಿಕಟ್ಟೆಯ ಹಿಂದೆ ಬಿದ್ದಿತ್ತು; ಯಾರೂ ಅದೇನೆಂದು ಕೇಳಲಿಲ್ಲ. ಅತ್ತೆಯನ್ನು ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಮೊದಲು ನಮ್ಮ ಮನೆಯವರು ಬಿಟ್ಟರು, ಆಮೇಲೆ ಇಡೀ ಬೀದಿ ಬಿಟ್ಟಿತು.

ನಾಲ್ಕು ವರ್ಷದ ಮೇಲೆ ನನಗೆ ಮಗಳು ಹುಟ್ಟಿದಳು. ತವರಿನಲ್ಲಿದ್ದಾಗ ಒಂದು ದಿನ ಮನಸ್ಸು ತಡೆಯದೆ, ಇವತ್ತು ಎಲ್ಲ ಹೇಳಿಯೇಬಿಡುತ್ತೇನೆಂದು ಮಗುವನ್ನೆತ್ತಿಕೊಂಡು ಅತ್ತೆಯ ಮನೆಗೆ ಹೋದೆ. ಜಗುಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದವಳು ನನ್ನನ್ನು ನೋಡಿ ಎದ್ದಳು. ತೋಳಲ್ಲಿ ಮಗು ಕಂಡದ್ದೇ, ಸೆರಗನ್ನು ಮುಖಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿದಳು.

"ಹತ್ರ ತರಬ್ಯಾಡ ಕಣೇ ತಾಯೀ. ಕರ್ಕೊಂಡೋಗು. ನನ್ನ ಕಣ್ಣು ಒಳ್ಳೇದಲ್ಲ. ಆ ಕಂದನ್ನ ನಾನೇ ತಿಂದೆ."

"ಅತ್ತೆ..." ಎಂದೆ. ಮಗುವನ್ನು ನೋಡಲು ಬಂದಿದ್ದ ಅಕ್ಕ ನಮ್ಮ ಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಮತ್ತೆ ಮಕ್ಕಳಾಗಿರಲಿಲ್ಲ.

"ಸರಿ ಅತ್ತೆ" ಎಂದು ಮಗುವಿನ ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ಮನೆಗೆ ಬಂದೆ.