ಬಾರಿಬೀಜದ ಕುಳ್ಳು

ಬೆಳಿಗ್ಗೆ ಮೈದುನ ಮುರಗೋಡದಿಂದ ಬಂದು ಒಂದು ಕೈಚೀಲ ಕೊಟ್ಟು ಹೋದ. ಚೀಲದ ಬಾಯಿ ಬಿಚ್ಚುವ ಮೊದಲೇ ಮಾಗಿದ ಬಾರಿಹಣ್ಣಿನ, ನೀವು ಎಲಚಿ ಎನ್ನುತ್ತೀರಲ್ಲ, ಅದರ ವಾಸನೆ ಮನೆ ತುಂಬಿತು. ನಿಮಗಾದರೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಯಿತು. ಹೊಲದ ಮೂಲೆಯ ಗಿಡ ಈ ವರ್ಷ ಮೊದಲ ಸಲ ಹಣ್ಣು ಬಿಟ್ಟಿದೆಯಂತೆ. ಅತ್ತೆ ಇನ್ನೂ ಒಂದನ್ನೂ ಬಾಯಿಗೆ ಹಾಕಿಲ್ಲವಂತೆ, ಸಂಜೆಯ ಬಸ್ಸಿಗೆ ಬೈಲಹೊಂಗಲಕ್ಕೆ ಬಂದು ನನ್ನ ಜೊತೆಗೇ ತಿನ್ನುತ್ತಾರಂತೆ. ನಾನು ಚೀಲವನ್ನು ಫ್ರಿಜ್ಜಿನ ಮೇಲಿಟ್ಟೆ, ಆಮೇಲೆ ಕೆಳಗಿಟ್ಟೆ, ಕೊನೆಗೆ ಅದಕ್ಕೆ ಬೆನ್ನು ಮಾಡಿ ಕುಳಿತೆ.

ಯಾಕೆಂದು ನಿಮಗಾದರೂ ಹೇಳಿಬಿಡುತ್ತೇನೆ. ಆರು ವರ್ಷದಿಂದ ಯಾರಿಗೂ ಹೇಳಿಲ್ಲ.

ನಮ್ಮ ಹೊಲದ ಬದುವಿನಲ್ಲಿ ಮೊದಲು ಬೇರೊಂದು ಬಾರಿಗಿಡವಿತ್ತು. ಆ ಕಡೆ ಬಾರಿಕಂಟಿಗೇನು ಬರವಿಲ್ಲ, ಆದರೆ ಅವುಗಳ ಹಣ್ಣು ತಿಂದರೆ ಹಲ್ಲು ಚುಳ್ಳೆನ್ನುತ್ತವೆ. ಇದೊಂದರ ಹಣ್ಣು ಮಾತ್ರ ಸಕ್ಕರೆ. ಅತ್ತೆ ಮದುವೆಯಾಗಿ ಬಂದಾಗ ಅದು ಅವರ ಸೊಂಟದೆತ್ತರ ಇತ್ತಂತೆ. ನಾವಿಬ್ಬರೂ ಕೂಡಿಯೇ ದೊಡ್ಡವರಾದೆವು ಎನ್ನುತ್ತಿದ್ದರು. ಸಂಕ್ರಾಂತಿ ಮುಗಿದ ಮೇಲೆ ಹಣ್ಣು ಆರಿಸಿ, ಮಾಳಿಗೆಯ ಮೇಲೆ ಹಳೆಯ ಧೋತರದಲ್ಲಿ ಹರವಿ, ಮೊರಕ್ಕೆ ಸುರಿದರೆ ಗಲಗಲ ಎನ್ನುವವರೆಗೆ ಒಣಗಿಸುತ್ತಿದ್ದರು. ಆಮೇಲೆ ಗಡಿಗೆ, ಅದರ ತಳಕ್ಕೆ ಒಣ ಬೇವಿನೆಲೆ, ಬಾಯಿಗೆ ಬಟ್ಟೆ. ಪ್ರತಿ ಅಮಾವಾಸ್ಯೆಗೆ ಗಡಿಗೆ ಬಗ್ಗಿಸಿ ಹುಳು ನೋಡಬೇಕು. ನಾನೊಮ್ಮೆ ಜಾಣತನ ಮಾಡಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಅಷ್ಟಕ್ಕೂ ಬೂಸು ಹಿಡಿಸಿದ್ದೆ.

ಬೀಜ ಕಾಯುವ ರೀತಿಯೇ ಬೇರೆ. ಹಸಿ ಸಗಣಿಯಲ್ಲಿ ಬೀಜ ಒತ್ತಿ, ಕುಳ್ಳು ತಟ್ಟಿ, ಕೊಟ್ಟಿಗೆಯ ಒಳಗೋಡೆಗೆ ಬಡಿಯುವುದು. ಒಣಗಿದರೆ ಹುಳು ಹತ್ತಿರ ಸುಳಿಯುವುದಿಲ್ಲ, ಮಳೆಗಾಲಕ್ಕೆ ಹಾಗೇ ಮುರಿದು ನೆಲಕ್ಕೆ ಹಾಕಬಹುದು. ಕುಳ್ಳು ಎಂದಕೂಡಲೇ ನೆನಪಾಯಿತು, ನಮ್ಮ ಓಣಿಯಲ್ಲಿ ಅರ್ಧ ಜಗಳಗಳು ಕುಳ್ಳಿನ ಕಳವಿನವು. ಹಿರಿಯ ಹೆಂಗಸರು ಕುಳ್ಳನ್ನು ಬೆಳಕಿಗೆ ಹಿಡಿದು, ಮೇಲೆ ಮೂಡಿದ ಬೆರಳು ನೋಡಿ, ಇದು ಇಂಥವಳ ಕೈ ಎಂದು ನ್ಯಾಯ ಹೇಳುತ್ತಿದ್ದರು. ತಪ್ಪಿದ್ದು ನಾನು ಕಂಡಿಲ್ಲ. ನಾನು ತಟ್ಟಿದ ಕುಳ್ಳನ್ನು ಮಾತ್ರ ಯಾರೂ ಕದಿಯುತ್ತಿರಲಿಲ್ಲ, ಅಷ್ಟು ಚಂದ ಇರುತ್ತಿದ್ದವು.

ಆರು ವರ್ಷದ ಹಿಂದಿನ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವಾಗ ಆ ಗಿಡ ಹೋಯಿತು. ಅತ್ತೆ ಅಳಲಿಲ್ಲ. ಕೊಟ್ಟಿಗೆಗೆ ಹೋಗಿ ಗೋಡೆಗೆ ತಾವೇ ಬಡಿದಿದ್ದ ಒಂಬತ್ತು ಕುಳ್ಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಗಿಡ ಹೋತು, ಬೀಜ ಅದಾವ. ಮಳಿ ಹಿಡೀಲಿ, ಹಚ್ಚೂಣು," ಎಂದರು.

ಅದಾದ ಎಂಟು ದಿನಕ್ಕೆ ಅವರು ಸಂಪಗಾಂವದ ತಮ್ಮನ ಮನೆಗೆ ಹೋದರು. ಅವತ್ತೇ ಅಡ್ಡಮಳೆ ಬಿದ್ದು ಹಿತ್ತಿಲಿನ ಕುಳ್ಳಿನ ರಾಶಿ ತೊಯ್ದು ರಾಡಿಯಾಯಿತು. ಅವತ್ತೇ ಮನೆಗೆ ಬೀಗರು. ಜಳಕಕ್ಕೆ ನೀರು ಕಾಯಿಸಬೇಕು, ಒಲೆ ಬರೀ ಹೊಗೆಯುತ್ತದೆ. ಕೊಟ್ಟಿಗೆಯ ಗೋಡೆಯ ಮೇಲೆ ಒಣಗಿದ ಕುಳ್ಳು ಕಂಡವು. ಕಿತ್ತು ತಂದು ಒಟ್ಟಿದೆ, ಬೆಂಕಿ ಭಗ್ಗನೆ ಹತ್ತಿತು. ಎಷ್ಟು ಶಾಣ್ಯಾಕಿ ನಾನು ಎಂದು ನನ್ನನ್ನು ನಾನೇ ಹೊಗಳಿಕೊಂಡೆ. ಸ್ವಲ್ಪ ಹೊತ್ತಿಗೆ ಒಲೆಯೊಳಗೆ ಚಟ್, ಚಟ್ ಎಂದು ಸಿಡಿಯಿತು. ಬರೀ ಸಗಣಿ ಹಾಗೆ ಸಿಡಿಯುವುದಿಲ್ಲ. ಆಗ ನೆನಪಾಗಿ ಕೈಹಾಕಿ ಕೆದಕಿದೆ, ಬೆರಳು ಸುಟ್ಟುಕೊಂಡೆ. ಒಂದು ಬೀಜವೂ ಉಳಿದಿರಲಿಲ್ಲ, ಗಡಿಗೆಯ ಹಣ್ಣೂ ಆಗಲೇ ಮುಗಿದಿತ್ತು.

ಅವತ್ತೇ ಹೇಳಿಬಿಡಬೇಕಿತ್ತು. ಅಂಜಿದೆ. ಮಾರನೆಯ ದಿನ ಮೆಣಸಿನಕಾಯಿಯ ನೆಪ ಹೇಳಿ ನೇಸರಗಿ ಸಂತೆಗೆ ಹೋಗಿ ಒಣ ಬಾರಿಹಣ್ಣು ತಂದೆ, ಬೀಜ ಬಿಡಿಸಿದೆ, ಒಂಬತ್ತು ಕುಳ್ಳು ತಟ್ಟಿ ಅದೇ ಜಾಗದಲ್ಲಿ ಬಡಿದೆ. ವಾರದ ಮೇಲೆ ಅತ್ತೆ ಬಂದರು, ಗೋಡೆ ನೋಡಿದರು, ಸುಮ್ಮನೆ ಒಳಗೆ ಹೋದರು. ಮಳೆಗೆ ಬೀಜ ಹಾಕಿದೆವು, ಒಂದೇ ಒಂದು ಸಸಿ ಬದುಕಿತು.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ. ಮಕ್ಕಳ ಶಾಲೆಗೆಂದು ಬೈಲಹೊಂಗಲಕ್ಕೆ ಬಂದ ಮೇಲೂ ಊರಿಂದ ಫೋನ್ ಬಂದರೆ ನಾನು ಮೊದಲು ಕೇಳುತ್ತಿದ್ದದ್ದು ಗಿಡದ ಸುದ್ದಿ. ಅತ್ತೆಯ ಗಿಡದ ಮೇಲೆ ಎಷ್ಟು ಜೀವ ನೋಡು ಇವಳಿಗೆ ಎಂದು ಗಂಡ ಮೆಚ್ಚಿಕೊಳ್ಳುತ್ತಿದ್ದರು. ಹುಳಿ ಹಣ್ಣಿನ ಬೀಜಕ್ಕೂ ಒಮ್ಮೊಮ್ಮೆ ಸಿಹಿ ಹಣ್ಣು ಬಿಡುತ್ತದೆಂದು ಯಾರೋ ಹೇಳಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ಆರು ವರ್ಷ ಕಳೆದೆ.

ಇವತ್ತು ಮಧ್ಯಾಹ್ನ ತಡೆಯಲಾಗದೆ ಒಂದು ಹಣ್ಣು ತಿಂದೆ. ಹಲ್ಲು ಚುಳ್ಳೆಂದವು.

ಸಂಜೆ ಅತ್ತೆ ಬಂದು ಕಾಲು ತೊಳೆದು ಕುಳಿತರು. ತಾಟಿನಲ್ಲಿ ಹಣ್ಣಿಟ್ಟೆ. ಅವರು ಒಂದನ್ನು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಚೀಪಿದರು, ಮುಖ ಹಿಂಡಲಿಲ್ಲ. ನಾನು ತಾಟನ್ನು ಆಚೆ ಸರಿಸಿದೆ.

"ಅತ್ತಿ, ಇದು ನಿಮ್ಮ ಗಿಡದ ಬೀಜ ಅಲ್ರಿ. ಅವನ್ನ ನಾ ಒಲಿಗೆ ಹಾಕೇನಿ."

"ಗೊತ್ತೈತಿ," ಎಂದರು. "ಗ್ವಾಡಿ ಮ್ಯಾಲಿನ ಕೈ ನಂದಲ್ಲ ಅಂತ ಅವತ್ತ ನೋಡೇನಿ."

ಮತ್ತೆ ಯಾಕೆ ಕೇಳಲಿಲ್ಲ ಎಂದೆ. ನಾನಾಗಿಯೇ ಹೇಳುತ್ತೇನೆಂದು ಕಾದರಂತೆ. ಬೀಜವನ್ನು ಅಂಗೈಗೆ ಉಗುಳಿಕೊಂಡು ಅದನ್ನೇ ನೋಡುತ್ತ ಕುಳಿತರು.

"ಬೀಜಾನೂ ಹೋದ ಮ್ಯಾಲ ಆ ಗಿಡದ ಸಲುವಾಗಿ ಅಳಾಕೂ ಆಗ್ಲಿಲ್ಲ ನನಗ. ನಾ ಅತ್ತಿದ್ರ ನೀ ಇನ್ನಷ್ಟು ಅಂಜತಿದ್ದಿ."

ಇಷ್ಟು ಹೇಳಿ, ಆರು ವರ್ಷದ ಮೇಲೆ, ನನ್ನ ಅಡುಗೆಮನೆಯಲ್ಲಿ ಕುಳಿತು ಅವರು ಆ ಗಿಡಕ್ಕಾಗಿ ಅತ್ತರು. ನಾನು ಅವರ ಕೈ ಹಿಡಿದುಕೊಂಡು ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಮೊರ ತಂದು ಹಣ್ಣು ಸುರಿದೆ, ಒಣಗಿಸಿ ಕುಟ್ಟುವಾಗ ಇಷ್ಟು ಹುಳಿಗೆ ಬೆಲ್ಲ ಎಷ್ಟು ಹಾಕಬೇಕೆಂದು ಕೇಳಿದೆ.